ಓದುಗರ ಸ್ಪಂದನ: ಅತ್ತೆಗೆ ಹೇಳದ 13 ಕಂತು

ಹೋದ ವಾರ ಹಾಸನದ ಓದುಗರೊಬ್ಬರು ತಮ್ಮ ಪೇಚಾಟ ಬರೆದುಕೊಂಡಿದ್ದರು. ಅತ್ತೆ ಅವರೆಕಾಳು ಹಿದುಕುತ್ತ ಕೂರುವ ಹೊತ್ತಿಗೆ ಇವರು ಟಿವಿಯಲ್ಲಿ 'ಟ್ವಿನ್ ಪೀಕ್ಸ್' ಅನ್ನುವ ಅಮೆರಿಕದ ಹಳೆಯ ಧಾರಾವಾಹಿ ಹಾಕಿ, ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತ 17 ಕಂತು ತೋರಿಸಿದರು. ಲಾರಾ ಪಾಮರ್ ಕೊಲೆಯ ಗುಟ್ಟು ಬಯಲಾಯಿತು. ಅತ್ತೆ "ಆಮೇಲೆ?" ಅಂದರು. ಸೊಸೆ "ಅಷ್ಟೇ, ಮುಗೀತು" ಅಂದರು. ಹಳೆಯ ಸರಣಿಯಲ್ಲೇ ಇನ್ನೂ 13 ಕಂತು ಇವೆ ಅಂತ ಮೊಮ್ಮಗ ಬಾಯಿಬಿಟ್ಟ. ಅಂದಿನಿಂದ ಅತ್ತೆ ಟಿವಿ ಮುಂದೆ ಕೂರುತ್ತಿಲ್ಲ. "ಕತೆ ಅಲ್ಲಿಗೇ ಮುಗಿಯಬೇಕಿತ್ತು ಅಲ್ವಾ? ನಾನು ಮಾಡಿದ್ದು ತಪ್ಪಾ?" ಎಂದು ಅವರು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮುಂದಿನ ಕಂತುಗಳ ಗುಟ್ಟು ಬಿಟ್ಟುಕೊಡುವ ಸಾಲುಗಳನ್ನು ತೆಗೆದಿದ್ದೇವೆ. ನೋಡುವುದು ಬಾಕಿ ಇರುವವರು ಒಬ್ಬರಿದ್ದಾರಲ್ಲ.

•

ಸೊಸೆಯವರ ಲೆಕ್ಕ ಪೂರ್ತಿ ಸರಿ. 1990ರ ಏಪ್ರಿಲ್‌ನಲ್ಲಿ ಶುರುವಾದಾಗ ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಲಾರಾಳನ್ನು ಕೊಂದವರು ಯಾರು? ಧಾರಾವಾಹಿ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್‌ಗೆ ಅದನ್ನು ಹೇಳುವ ಮನಸ್ಸೇ ಇರಲಿಲ್ಲ. ಚಾನೆಲ್‌ನವರು ಬಿಡಲಿಲ್ಲ. ನವೆಂಬರ್‌ನಲ್ಲಿ ನೋಡುವವರಿಗೆ ಗೊತ್ತಾಯಿತು. ಡಿಸೆಂಬರ್ ಹೊತ್ತಿಗೆ ಕೊಲೆಯ ತನಿಖೆಗೆ ಬಂದ ಎಫ್‌ಬಿಐನ ಕೂಪರ್‌ಗೂ ಗೊತ್ತಾಯಿತು. ಅಲ್ಲಿಂದ ಮುಂದೆ ಉಪ್ಪಿಲ್ಲದ ಸಾರು. (ಇಲ್ಲಿ ನಾಲ್ಕು ಸಾಲು ತೆಗೆದಿದೆ. – ಸಂ.) ನೋಡುವವರು ಕಮ್ಮಿಯಾಗುತ್ತ ಹೋಗಿ 1991ರ ಜೂನ್‌ಗೆ ಅಂಗಡಿ ಬಾಗಿಲು ಹಾಕಿತು. ನಾನು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು 30 ಕಂತೂ ನೋಡಿದವನು. 17ಕ್ಕೆ ನಿಲ್ಲಿಸು ಅಂತ ನನಗೆ ಯಾರಾದರೂ ಸುಳ್ಳು ಹೇಳಿದ್ದರೆ ಆ ಸಲದ ಇಂಟರ್ನಲ್ಸ್ ಉಳಿಯುತ್ತಿತ್ತು.
– ಚಿಕ್ಕಮಗಳೂರು

•

ಸುಳ್ಳು ಹೇಳಿದ್ದು ತಪ್ಪು. ಧಾರಾವಾಹಿ ಮಾತು ಆಮೇಲೆ.
– ಅರಸೀಕೆರೆ

ಇದನ್ನೇ ಸ್ವಲ್ಪ ಮೆತ್ತಗೆ ಹೇಳಿದ ಪತ್ರಗಳು ಇನ್ನೂ ಹಲವು ಬಂದಿವೆ. ಈ ಕೆಳಗಿನದು ಬೇರೆ ದಾರಿ ಹಿಡಿದಿದೆ.

•

ಎಲ್ಲರೂ ಕೊಲೆ ಕೊಲೆ ಅಂತೀರಿ. ಆ ಕಾಫಿ ವಿಷಯ ಯಾರೂ ಎತ್ತಲ್ಲವಲ್ಲ? ಕೂಪರ್ ಬರೀ ಕಪ್ಪು ಕಾಫಿ ಕುಡಿದು ಆ ಪಾಟಿ ಹೊಗಳುತ್ತಾನೆ. ಒಂದು ಸಲ ಕಾಫಿ ಕಾಯಿಸುವ ಪಾತ್ರೆಯೊಳಗೆ ಮೀನೇ ಇರುತ್ತೆ. ಅವನಿಗೆ ನಮ್ಮ ಕಡೆಯ ಗಟ್ಟಿ ಡಿಕಾಕ್ಷನ್ನು, ಆಗ ತಾನೇ ಕರೆದ ಹಾಲು ಹಾಕಿ ಒಂದು ಲೋಟ ಕೊಟ್ಟಿದ್ದರೆ ಕೇಸು ಬಿಟ್ಟು ಇಲ್ಲೇ ತೋಟ ನೋಡಿಕೊಂಡಿರುತ್ತಿದ್ದ. ಮಂಜು, ಮರದ ಮಿಲ್ಲು, ಜಲಪಾತ ಎಲ್ಲ ನೋಡಿದರೆ ಅದು ನಮ್ಮ ಮಲೆನಾಡೇ. ಅತ್ತೆಯವರಿಗೆ ಬೇಜಾರಾಗಿದ್ದರೆ ಒಂದು ದಿನ ಕಲ್ಲತ್ತಿಗಿರಿ ಫಾಲ್ಸಿಗೆ ಕರೆದುಕೊಂಡು ಬನ್ನಿ.
– ಕೊಪ್ಪ

•

ಹೆಸರು ಹಾಕಬೇಡಿ. ನಾನು ಆ ಧಾರಾವಾಹಿ ನೋಡಿಲ್ಲ. ನೋಡುವುದೂ ಇಲ್ಲ. "ಅಷ್ಟೇ, ಮುಗೀತು" ಅನ್ನುವುದನ್ನು ಓದಿ ಪತ್ರಿಕೆ ಮಡಿಸಿ ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಚ್ಚಿದೆ.

ನನಗೀಗ 61. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಆಷಾಢದಲ್ಲಿ, ದೊಡ್ಡಣ್ಣ ಅಪ್ಪನ ಹತ್ತಿರ ಜಗಳ ಆಡಿ ಬಸ್ಸು ಹತ್ತಿದ. ಮೂರು ವರ್ಷ ಸುದ್ದಿಯೇ ಇಲ್ಲ. ಆಮೇಲೆ ಬೊಂಬಾಯಿಯಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಮದುವೆ ಆಗಿದ್ದೇನೆ, ಇನ್ನು ಬರುವುದಿಲ್ಲ, ಹುಡುಕಬೇಡಿ. ಇಷ್ಟೇ. ಅಪ್ಪ ಅದನ್ನು ಆಳುಗಳ ಲೆಕ್ಕದ ಪುಸ್ತಕದೊಳಗೆ ಇಟ್ಟು, "ಅವ್ವಂಗೆ ಹೇಳಬ್ಯಾಡಿ, ತಡ್ಕಳಲ್ಲ" ಅಂದರು. ನಾವು ಹೇಳಲಿಲ್ಲ.

ನಮ್ಮೂರಿಗೆ ಕೊನೆಯ ಬಸ್ಸು ರಾತ್ರಿ ಎಂಟೂವರೆಗೆ. ಮಳೆಗಾಲದಲ್ಲಿ ಒಂಬತ್ತೂ ಆಗುತ್ತಿತ್ತು. ತಿರುವಿನಲ್ಲಿ ಗೇರ್ ಇಳಿಸಿದ ಸದ್ದು ಕೇಳಿದರೆ ಸಾಕು, ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ಬಾಳೆಲೆಯ ಮೇಲೆ ಹಾಗೇ ನಿಲ್ಲುತ್ತಿತ್ತು. ಬಸ್ಸು ನಿಂತು, ಬಾಗಿಲು ಬಡಿದು, ಮತ್ತೆ ಹೊರಡುವವರೆಗೂ ಅಲ್ಲಾಡುತ್ತಿರಲಿಲ್ಲ. ಕಾವಲಿ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ಆಮೇಲೆ "ಯಾರಿಳಿದ್ರು ನೋಡೇ" ಅನ್ನುತ್ತಿದ್ದಳು. ನಾನು ಜಗಲಿಗೆ ಹೋಗಿ ನೋಡಿ ಬಂದು "ಯಾರೂ ಇಲ್ಲವ್ವ" ಅನ್ನುತ್ತಿದ್ದೆ. ಯಾರೂ ಇಳಿಯಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಹೋಗಿ ನೋಡುತ್ತಿದ್ದೆ. ನನ್ನ ಮದುವೆಯಾಗುವವರೆಗೆ ನಾಲ್ಕು ವರ್ಷ. ಆಮೇಲೆ ತಂಗಿ ಹೋಗಿ ನೋಡುತ್ತಿದ್ದಳು.

ಅವ್ವ ತಡೆದುಕೊಳ್ಳುತ್ತಿದ್ದಳೋ ಇಲ್ಲವೋ, ನಾವು ಅವಳಿಗೆ ಅವಕಾಶವನ್ನೇ ಕೊಡಲಿಲ್ಲ. ನೀವು ಕತೆ ಇನ್ನೂ ಇರುವಾಗ ಮುಗೀತು ಅಂದಿರಿ. ನಾವು ಮುಗಿದು ಹೋದ ಕತೆಯನ್ನು ನಡೀತಾ ಇದೆ ಅನ್ನುವ ಹಾಗೆ ನಡೆಸಿದೆವು. ತಾಯಿ, ನಿಮ್ಮ ಅತ್ತೆ ಇನ್ನೂ ಇದ್ದಾರೆ. ಸಿಟ್ಟಾಗಿದ್ದಾರೆ, ಅಷ್ಟೇ ತಾನೇ? ಸಿಟ್ಟಾದವರ ಪಕ್ಕ ಹೋಗಿ ಕೂತು ಒಂದು ಹಿಡಿ ಅವರೆಕಾಳು ಹಿದುಕಬಹುದು. ನಮ್ಮ ಅವ್ವ ಹೋಗಿ 22 ವರ್ಷ ಆಯಿತು. ಆ ಕಾಗದ ಈಗ ನನ್ನ ಹತ್ತಿರ ಇದೆ. ಯಾರಿಗೆ ಓದಿ ಹೇಳಲಿ?
– ಮೂಡಿಗೆರೆ ತಾಲ್ಲೂಕು

ಈ ಪತ್ರದ ಪಕ್ಕ ನಮ್ಮ ಮಾತು ಬೇಡ.

•

ಎಲ್ಲಿ ಮುಗಿಸಬೇಕು ಅಂತ ಗೊತ್ತಿದ್ದವರು ನಮ್ಮಲ್ಲೂ ಇದ್ದರು. ದೂರದರ್ಶನದ 'ಗುಡ್ಡದ ಭೂತ' ಕೆಲವೇ ಕಂತಿಗೆ ಮುಗಿಯಿತು. ಅದರ ಶೀರ್ಷಿಕೆ ಹಾಡು ಕೇಳಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಈಗಿನ ಧಾರಾವಾಹಿಗಳು ಸಾವಿರ ಕಂತು ದಾಟಿದರೂ ಅದೇ ಸೋಫಾ, ಅದೇ ಕಣ್ಣೀರು. ಆದರೆ ಮುಗಿಸುವುದೂ ಸುಲಭ ಅಲ್ಲ ಬಿಡಿ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡರು. ಓದುವವರು ಬಿಟ್ಟರಾ? 1903ರಲ್ಲಿ ಬದುಕಿಸಿ ಕರೆತರಬೇಕಾಯಿತು. ಬರೆದವನ ಮಾತೇ ನಡೆಯಲಿಲ್ಲ. ಇನ್ನು ಸೊಸೆಯ ಮಾತು ನಡೆಯುತ್ತಾ?
– ನಿವೃತ್ತ ಮೇಷ್ಟ್ರು, ಸಕಲೇಶಪುರ

ಇಷ್ಟರ ನಡುವೆ, ಮುಂದೇನು ಮಾಡಬೇಕು ಅಂತ ಹೇಳಿದವರು ಒಬ್ಬರೇ. ಅವರಿಗೆ ವಯಸ್ಸು 20.

•

ಆಂಟಿ, 18ರಿಂದ ಏಳೆಂಟು ಕಂತು ಬೇಜಾರು, ಅದು ನಿಜ. ಅಲ್ಲಿ ಪೂರ್ತಿ ಅನುವಾದ ಮಾಡಬೇಡಿ, ಸುಮ್ನೆ ಸಾರಾಂಶ ಹೇಳಿ. ಆದರೆ 30ನೆಯದನ್ನು ಮಾತ್ರ ಬಿಡಬೇಡಿ. ಅದನ್ನು ಲಿಂಚ್ ವಾಪಸ್ ಬಂದು ತಾವೇ ನಿರ್ದೇಶನ ಮಾಡಿದ್ದು. ರಾತ್ರಿ ಅಜ್ಜಿಗೆ ಒಬ್ಬರೇ ನೋಡೋಕೆ ಬಿಡಬೇಡಿ. ಅದರಲ್ಲಿ ಲಾರಾ 25 ವರ್ಷ ಬಿಟ್ಟು ಮತ್ತೆ ಸಿಗುತ್ತೇನೆ ಅನ್ನುತ್ತಾಳೆ. ಸಂಪಾದಕರೇ, ಈ ಸಾಲು ತೆಗೆಯಬೇಡಿ, ಇದು ಗುಟ್ಟಲ್ಲ, ಆಸೆ ಹುಟ್ಟಿಸೋಕೆ ಬರೆದೆ. 2017ರಲ್ಲಿ ನಿಜವಾಗಲೂ ಇನ್ನೂ 18 ಕಂತು ಬಂತು. ಒಂದು ವರ್ಷ ಲೇಟು, ಇರಲಿ. ಅದು ನನಗೂ ನನ್ನ ರೂಂಮೇಟ್‌ಗೂ ಅರ್ಥ ಆಗಿಲ್ಲ. ಅಜ್ಜಿಗೆ ಆದರೆ ದಯವಿಟ್ಟು ಬರೆದು ತಿಳಿಸಿ.
– ಹಾಸನ

•

ಸಾಲು ತೆಗೆದಿಲ್ಲ. ಅತ್ತೆಯವರ ಪತ್ರಕ್ಕೆ ಮುಂದಿನ ವಾರ ಜಾಗ ಬಿಟ್ಟಿರುತ್ತೇವೆ, ಅದರ ಮುಂದಿನ ವಾರವೂ ಸರಿ. ಅವರೆ ಕಾಲ ಮುಗಿಯೋಕೆ ಇನ್ನೂ ದಿನ ಇದೆ. – ಸಂ.