[ಬಗೆಹರಿದಿದೆ] ರಾತ್ರಿ 2 ಗಂಟೆಗೂ 132 ಕಿಲೋವ್ಯಾಟ್, ಆಸ್ಪತ್ರೆಯ ಕರೆಂಟ್ ಎಲ್ಲಿಗೆ ಹೋಗ್ತಿದೆ?

ಪ್ಲಾಂಟ್‌ರೂಮ್_ಡ್ಯೂಟಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ 150 ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ತಿಂಗಳಿಗೆ 1.1 ಲಕ್ಷ ಯೂನಿಟ್ ಬರುತ್ತಿದೆ. ಎಲ್‌ಇಡಿ ಹಾಕಿ ಎರಡು ವರ್ಷ ಆಯ್ತು. ವಾರ್ಡ್‌ಗಳಿಗೆ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಬಂದಿವೆ. ತಾರಸಿ ಮೇಲೆ 60 ಕಿಲೋವ್ಯಾಟ್ ಸೋಲಾರ್ ಇದೆ. ಆದರೂ ಬಿಲ್ ಇಳಿದದ್ದು ಅಷ್ಟಕ್ಕಷ್ಟೇ.

ಮೊನ್ನೆ ಎಚ್‌ಟಿ (ಹೈ ಟೆನ್ಷನ್) ಮೀಟರ್‌ನಿಂದ ಲೋಡ್ ದಾಖಲೆ ಇಳಿಸಿಕೊಂಡೆ. ಹಗಲು ಹೆಚ್ಚೆಂದರೆ 215 ಕಿಲೋವ್ಯಾಟ್. ರಾತ್ರಿ 2 ಗಂಟೆಗೆ 132! ಒಪಿಡಿ ಬಾಗಿಲು ಹಾಕಿರುತ್ತೆ, ಲ್ಯಾಬ್ ಅರ್ಧ ಮಲಗಿರುತ್ತೆ, ನಾಲ್ಕು ಓಟಿಗಳಲ್ಲಿ (ಆಪರೇಷನ್ ಥಿಯೇಟರ್) ಮೂರು ಖಾಲಿ. ಹೊರಗೆ ಜನವರಿ ಚಳಿ, 17 ಡಿಗ್ರಿ. ಮ್ಯಾನೇಜರ್ ‘ಇನ್ನೊಂದಿಷ್ಟು ಸೋಲಾರ್ ಹಾಕಿಬಿಡೋಣ’ ಅಂತಿದ್ದಾರೆ. ಎಲ್ಲಿಂದ ಹುಡುಕಲಿ?

ಹಳೇ_ಫೋರ್‌ಮನ್:
ರಾತ್ರಿ ಲೋಡಿಗೆ ಸೋಲಾರ್ ಏನು ಮಾಡುತ್ತೆ ಸ್ವಾಮಿ? ಕೊಟೇಷನ್ ಪಕ್ಕಕ್ಕಿಡಿ. ಒಂದು ರಾತ್ರಿ ನಿದ್ದೆ ಬಿಟ್ಟು ಕೇಬಲ್ ಸುತ್ತ ಹಾಕಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಮೈನ್ ಪ್ಯಾನಲ್ ಮುಂದೆ ನಿಲ್ಲಿ. ಯಾವ ಫೀಡರ್ (ಲೈನ್) ಎಷ್ಟು ಎಳೆಯುತ್ತಿದೆ ಅಂತ ಬರೆದು ಇಲ್ಲಿ ಹಾಕಿ. ಅದಿಲ್ಲದೆ ನಾವು ಹೇಳೋದೆಲ್ಲ ಕಣಿ ಹೇಳಿದ ಹಾಗೆ.

ಕೂಲಿಂಗ್_ಕುಮಾರ:
ಖಾಲಿ ಇರುವ ಮೂರು ಓಟಿಗಳ ಎಎಚ್‌ಯು (ಗಾಳಿ ತಣಿಸಿ, ಸೋಸಿ ಒಳಗೆ ಊದುವ ಯಂತ್ರ) ರಾತ್ರಿ ಆಫ್ ಮಾಡಿ. ಅರ್ಧ ಕೆಲಸ ಮುಗೀತು.

ಸೋಂಕು_ಸಿಸ್ಟರ್:
ದಯವಿಟ್ಟು ಹಾಗೆ ಮಾಡಬೇಡಿ. ಓಟಿಯೊಳಗಿನ ಗಾಳಿಯ ಒತ್ತಡ ಕಾರಿಡಾರ್‌ಗಿಂತ ಜಾಸ್ತಿ ಇರಬೇಕು. ಬ್ಲೋಯರ್ ನಿಂತರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಬೆಳಿಗ್ಗೆ ಮೊದಲ ಕೇಸಿಗೆ ಅದೇ ಗಾಳಿ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿಯಲ್ಲೂ ಬ್ಲೋಯರ್ 24 ಗಂಟೆ ನಡೆಯಬೇಕು ಎಂದೇ ಇದೆ. ಓಟಿ ಬಳಕೆಯಲ್ಲಿ ಇಲ್ಲದಾಗ ಒತ್ತಡ ಕೆಡದ ಹಾಗೆ ಗಾಳಿ ಬದಲಾವಣೆಯನ್ನು ಮಾಮೂಲಿನ 25%ಕ್ಕೆ ಇಳಿಸಬಹುದು, ಅದಕ್ಕೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಬಳಸಬಹುದು. ಇಳಿಸಿ, ನಿಲ್ಲಿಸಬೇಡಿ.

ಕೂಲಿಂಗ್_ಕುಮಾರ:
ಸರಿ ಸಿಸ್ಟರ್, ತಪ್ಪಾಯ್ತು. ನನ್ನದು ಆಫೀಸ್ ಕಟ್ಟಡದ ಬುದ್ಧಿ.

ಪ್ಲಾಂಟ್‌ರೂಮ್_ಡ್ಯೂಟಿ:
ನಿನ್ನೆ ರಾತ್ರಿ 1.45ರಿಂದ 3ರವರೆಗೆ ಅಳೆದೆ, ಸೆಕ್ಯುರಿಟಿಯವರು ಟಾರ್ಚ್ ಹಿಡಿದರು.

ಚಿಲ್ಲರ್ (ಎಸಿಗೆ ನೀರು ತಣಿಸುವ ಯಂತ್ರ) 44 ಕಿಲೋವ್ಯಾಟ್. ಅದರ ನೀರಿನ ಪಂಪ್ 7. ಮೂರನೇ ಮಹಡಿಯ ಓಟಿ ಎಎಚ್‌ಯು ಪ್ಯಾನಲ್ 41. ಐಸಿಯು, ವಾರ್ಡ್, ಯುಪಿಎಸ್, ವ್ಯಾಕ್ಯೂಮ್ ಪಂಪ್, ಅಡುಗೆಮನೆ ಎಲ್ಲ ಸೇರಿ 40.

ಹಳೇ_ಫೋರ್‌ಮನ್:
ಓಟಿ ಪ್ಯಾನಲ್ 41? ನಾಲ್ಕು ಫ್ಯಾನ್ ಮೋಟರ್ ತಲಾ ಎಷ್ಟು?

ಪ್ಲಾಂಟ್‌ರೂಮ್_ಡ್ಯೂಟಿ:
ತಲಾ 3.5 ಕಿಲೋವ್ಯಾಟ್ ಎಳೆಯುತ್ತಿವೆ. ಒಟ್ಟು 14.

ಹಳೇ_ಫೋರ್‌ಮನ್:
ಹಾಗಾದರೆ ಉಳಿದ 27 ಯಾರಪ್ಪಂದು? ಗಾಳಿ ಹೋಗುವ ಡಕ್ಟ್‌ನಲ್ಲಿ ಹೀಟರ್ ಇದೆಯಾ ನೋಡಿ. ನನಗೆ ಅದರ ಮೇಲೇ ಅನುಮಾನ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಜಾಸ್ತಿ. ತಣ್ಣೀರಿನ ಲೋಟದ ಹೊರಗೆ ಹನಿ ಕೂರುತ್ತಲ್ಲ, ಅದೇ ಥರ ಗಾಳಿಯನ್ನು ತಣ್ಣೀರು ಹರಿಯುವ ಕಾಯಿಲ್ ಮೇಲೆ ಹಾಯಿಸಿ ಚೆನ್ನಾಗಿ ತಣಿಸಿ ತೇವ ಇಳಿಸುತ್ತಾರೆ. ಆಗ ಗಾಳಿ ಓಟಿಗೆ ತೀರಾ ತಣ್ಣಗಾಗಿರುತ್ತದೆ. ಅದಕ್ಕೆ ಮುಂದೆ ಒಂದು ಹೀಟರ್ ಇಟ್ಟು ಮತ್ತೆ 21 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುತ್ತಾರೆ. ಜುಲೈನಲ್ಲಿ ಇದು ಬೇಕು. ಆದರೆ ಜನವರಿಯಲ್ಲಿ, ಅದೂ ದಾವಣಗೆರೆಯ ಒಣ ಗಾಳಿಗೆ? ಹೊರಗೆ 17 ಡಿಗ್ರಿ ಇರುವಾಗ ಚಿಲ್ಲರ್ 44 ಎಳೆಯುತ್ತಿದೆ ಅಂದರೆ ಒಳಗೆ ಯಾರೋ ಒಲೆ ಹಚ್ಚಿದ್ದಾರೆ ಅಂತಲೇ ಅರ್ಥ.

ಪ್ಲಾಂಟ್‌ರೂಮ್_ಡ್ಯೂಟಿ:
ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ಪ್ರತಿ ಓಟಿಗೂ 9 ಕಿಲೋವ್ಯಾಟ್ ಹೀಟರ್ ಇದೆ. 1, 2, 3ರ ಹೀಟರ್ ಕೇಬಲ್‌ಗೆ ಕ್ಲಾಂಪ್ ಹಾಕಿದರೆ ಪ್ರತಿ ಫೇಸ್‌ನಲ್ಲಿ 12.5 ಆಂಪಿಯರ್. ಮೂರೂ ಫುಲ್ ಉರಿಯುತ್ತಿವೆ. 4ರದ್ದು ಮಾತ್ರ ಸೊನ್ನೆ.

ಓಟಿ 2ರದ್ದು ಸುಲಭ. ಕಂಟ್ರೋಲ್ ಸಪ್ಲೈ ತೆಗೆದರೂ ಹೀಟರ್ ಆಫ್ ಆಗಲಿಲ್ಲ. ಹೀಟರ್ ಆನ್-ಆಫ್ ಮಾಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಬಿಚ್ಚಿದರೆ ಪಾಯಿಂಟ್‌ಗಳು ಕರಗಿ ಒಂದಕ್ಕೊಂದು ಅಂಟಿವೆ. ಎಷ್ಟು ತಿಂಗಳಿಂದ ಹೀಗಿತ್ತೋ ದೇವರಿಗೇ ಗೊತ್ತು. ಓಟಿ ಒಳಗೆ ತಾಪಮಾನ ಸರಿಯಾಗೇ ಇದ್ದದ್ದರಿಂದ ಯಾರೂ ದೂರು ಕೊಟ್ಟಿಲ್ಲ. ಹೀಟರ್ ಎಷ್ಟು ಕಾಯಿಸಿತೋ ಚಿಲ್ಲರ್ ಅಷ್ಟು ತಣಿಸಿದೆ.

1 ಮತ್ತು 3ರಲ್ಲಿ ಕಾಂಟ್ಯಾಕ್ಟರ್ ಚೆನ್ನಾಗಿದೆ. ಹೀಟರ್‌ಗೆ ಆರ್ಡರ್ ಬರುತ್ತಲೇ ಇದೆ. ಏಕೆ?

ಸೋಂಕು_ಸಿಸ್ಟರ್:
ಓಟಿಯಲ್ಲಿ ಫಾಗಿಂಗ್ (ಕ್ರಿಮಿನಾಶಕ ಹೊಗೆ ಬಿಡುವುದು) ಯಾವಾಗ ಮಾಡುತ್ತೀರಿ? ಆಗ ಗಾಳಿ ವಾಪಸ್ ಹೋಗುವ ರಿಟರ್ನ್ ಗ್ರಿಲ್ ಮುಚ್ಚುತ್ತೀರಾ? ನಮ್ಮಲ್ಲಿ ಆ ಹೊಗೆ ಕುಡಿದು ತೇವಾಂಶದ ಸೆನ್ಸರ್ ಕೆಟ್ಟಿತ್ತು.

ಪ್ಲಾಂಟ್‌ರೂಮ್_ಡ್ಯೂಟಿ:
ಅದೇ ಸಿಸ್ಟರ್! ಸ್ಟೋರ್‌ನಿಂದ ಕೈ ಹೈಗ್ರೋಮೀಟರ್ ತಂದು ಪಕ್ಕದಲ್ಲಿಟ್ಟೆ. ಕೈಯದು 44% ತೋರಿಸುತ್ತಿದೆ, ಗೋಡೆಯ ಪರದೆ 78%. ಮಿತಿ 60% ತಾನೆ? ಪಾಪ ಯಂತ್ರ, ತೇವ ಜಾಸ್ತಿ ಇದೆ ಅಂದುಕೊಂಡು ತಣ್ಣೀರಿನ ವಾಲ್ವ್ ಪೂರ್ತಿ ತೆರೆದು, ಹೀಟರ್ ಹಚ್ಚಿ, ಚಳಿಗಾಲದಲ್ಲಿ ಮಳೆಗಾಲದ ಕೆಲಸ ಮಾಡುತ್ತಿತ್ತು.

ಹಳೇ_ಫೋರ್‌ಮನ್:
ಸೆನ್ಸರ್ ಬದಲಿಸಿ. ಜೊತೆಗೆ ಹೀಟರ್ ಲೈನಿಗೆ ಒಂದು ಸಣ್ಣ ಎನರ್ಜಿ ಮೀಟರ್ ಹಾಕಿಬಿಡಿ, ಮುಂದಿನ ಸಲ ವರ್ಷಗಟ್ಟಲೆ ಕಾಯಬೇಕಿಲ್ಲ. ಆಮೇಲೆ ವಿಎಫ್‌ಡಿ. ಫ್ಯಾನ್ ವೇಗ 50 ಹರ್ಟ್ಜ್‌ನಿಂದ 30ಕ್ಕೆ ಇಳಿಸಿದರೆ ಗಾಳಿ 60% ಬರುತ್ತೆ, ಕರೆಂಟ್ ಮಾತ್ರ ಲೆಕ್ಕದಲ್ಲಿ 22%ಗೆ ಬೀಳುತ್ತೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಇಳಿಯುವುದರಿಂದ ಈ ಲಾಭ. 25% ಗಾಳಿಗೆ ಒಂದೇ ಸಲ ಹಾರಬೇಡಿ. ಸೂಕ್ಷ್ಮ ಕಣ ಸೋಸುವ ಹೆಪಾ ಫಿಲ್ಟರ್ ದಾಟಿ ಒತ್ತಡ ನಿಲ್ಲಬೇಕಲ್ಲ. ಗೇಜ್‌ನಲ್ಲಿ 2.5 ಪ್ಯಾಸ್ಕಲ್‌ಗಿಂತ ಮೇಲೆ ಇದೆಯಾ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಿ. ತುರ್ತು ಕೇಸಿನ ಓಟಿ ಮುಟ್ಟಬೇಡಿ.

ಮಂಪರು_ಡಾಕ್ಟರ್:
ನಾನು ಅರಿವಳಿಕೆಯವನು. ಆಸ್ಪತ್ರೆ ಗಾಳಿಗೆ ಬಿಡುವ ಕಾರ್ಬನ್ ಅಂದರೆ ಬರೀ ಕರೆಂಟಿನದ್ದಲ್ಲ. ನಿಮ್ಮಲ್ಲಿ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲದ ಪೈಪ್‌ಲೈನ್ ಇದೆಯಾ? 1 ಕೆಜಿ ನೈಟ್ರಸ್ ಸೋರಿದರೆ 273 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. 30 ಕೆಜಿಯ ಒಂದು ಸಿಲಿಂಡರ್ ಸುಮ್ನೆ ಖಾಲಿಯಾದರೆ 8 ಟನ್. ಸ್ಕಾಟ್ಲೆಂಡ್‌ನ ಎಡಿನ್‌ಬರೊದ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿ ನೋಡಿದಾಗ ಖರೀದಿಸಿದ ನೈಟ್ರಸ್‌ನ ಬಹುಪಾಲು ರೋಗಿಯ ತನಕ ಹೋಗುತ್ತಲೇ ಇರಲಿಲ್ಲ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳನ್ನು ಪೈಪಿಗೆ ಜೋಡಿಸುವ ಜಾಗ) ಮತ್ತು ಪೈಪಿನಲ್ಲೇ ನಷ್ಟ. ಅಲ್ಲಿ ಪೈಪ್‌ಲೈನ್ ಮುಚ್ಚಿ, ಯಂತ್ರಕ್ಕೇ ಸಣ್ಣ ಸಿಲಿಂಡರ್ ಕಟ್ಟುವುದಕ್ಕೆ ಹೋದರು. ನೀವು ಸ್ಟೋರ್‌ನ ಖರೀದಿ ಪುಸ್ತಕ ಮತ್ತು ಓಟಿಯಲ್ಲಿ ನಿಜವಾಗಿ ಬಳಸಿದ್ದು ಪಕ್ಕಪಕ್ಕ ಇಟ್ಟು ನೋಡಿ. ಆದರೆ ನಿಮ್ಮ ಅರಿವಳಿಕೆ ವೈದ್ಯರನ್ನು ಕೇಳದೆ ಒಂದು ವಾಲ್ವ್ ಕೂಡ ತಿರುಗಿಸಬೇಡಿ.

ಪ್ಲಾಂಟ್‌ರೂಮ್_ಡ್ಯೂಟಿ:
ಒಂದು ತಿಂಗಳ ಮೇಲೆ ಬಂದೆ, ಕ್ಷಮಿಸಿ. ಒಂದು ಕಾಂಟ್ಯಾಕ್ಟರ್, ಎರಡು ಸೆನ್ಸರ್ ಬದಲಿಸಿದೆವು. ಅಷ್ಟಕ್ಕೇ ರಾತ್ರಿ ಲೋಡ್ 132ರಿಂದ 88ಕ್ಕೆ ಬಂತು. ಓಟಿ ಪ್ಯಾನಲ್ 14, ಚಿಲ್ಲರ್ 27. ಈ ತಿಂಗಳ ಬಿಲ್‌ನಲ್ಲಿ 24 ಸಾವಿರ ಯೂನಿಟ್ ಕಡಿಮೆ. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದರೆ ತಿಂಗಳಿಗೆ 17 ಟನ್ ಹತ್ತಿರ. ವಿಎಫ್‌ಡಿ ಇನ್ನೂ ಬರಬೇಕು, ಆರ್ಡರ್ ಆಗಿದೆ. ಫಾಗಿಂಗ್ ಮಾಡುವ ಹುಡುಗರು ಈಗ ಗ್ರಿಲ್‌ಗೆ ಪ್ಲಾಸ್ಟಿಕ್ ಕಟ್ಟಿ, ಮುಗಿದ ಮೇಲೆ ತೆಗೆದು, ರಿಜಿಸ್ಟರ್‌ನಲ್ಲಿ ಸಹಿ ಹಾಕುತ್ತಾರೆ.

ಡಾಕ್ಟರ್ ಹೇಳಿದ ನೈಟ್ರಸ್ ಲೆಕ್ಕ ಶುರು ಮಾಡಿದ್ದೇನೆ. ಸ್ಟೋರ್ ಪುಸ್ತಕಕ್ಕೂ ಓಟಿ ಪುಸ್ತಕಕ್ಕೂ ತಾಳೆಯೇ ಆಗುತ್ತಿಲ್ಲ. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ. ಅಂಟಿಕೊಂಡ ಕಾಂಟ್ಯಾಕ್ಟರ್ ಈಗ ಮ್ಯಾನೇಜರ್ ಮೇಜಿನ ಮೇಲಿದೆ. ಸೋಲಾರ್ ಕೊಟೇಷನ್ ಅದರ ಕೆಳಗೇ ಇದೆ.

ಹಳೇ_ಫೋರ್‌ಮನ್:
ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇನ್ನೊಂದು ರಾತ್ರಿ ಅಳೆದು ಹಾಕಿ. ಹೀಟರ್ ನಿಜವಾಗಿ ಬೇಕಾಗುವುದು ಆಗಲೇ.