ಕೌದಿಯನ್ನು ಹಿಟ್ಟಿನಂತೆ ನಾದುವ ಬೆಕ್ಕು

ಪ್ರಶ್ನೆ (ಮಾಳಮಡ್ಡಿ, ಧಾರವಾಡ): ನಮಸ್ಕಾರ ಡಾಕ್ಟರ್. ನಮ್ಮ ಚಿನ್ನವ್ವನಿಗೆ ಎರಡು ವರ್ಷ. ಕಣ್ಣು ಬಿಟ್ಟು ಕೆಲವೇ ದಿನವಾಗಿದ್ದಾಗ, ಮಳೆಯಲ್ಲಿ ನೆನೆದು ಹಿತ್ತಲಿನ ಕಟ್ಟಿಗೆ ರಾಶಿಯಲ್ಲಿ ಸಿಕ್ಕವಳು. ತಾಯಿ ಬೆಕ್ಕು ಬರಲೇ ಇಲ್ಲ. ರಾತ್ರಿ ಅತ್ತೆಯವರು ಹಾಸಿಗೆ ಹಾಸಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಅವರ ಕೌದಿ ಏರುತ್ತಾಳೆ. ಮುಂಗಾಲುಗಳಿಂದ ಒಂದಾದ ಮೇಲೊಂದರಂತೆ ಒತ್ತುತ್ತಾ, ಕೌದಿಯ ಮೂಲೆಯನ್ನು ಬಾಯಲ್ಲಿಟ್ಟು ಚೀಪುತ್ತಾಳೆ. ಅದೂ ಹಳೆಯ ಇಳಕಲ್ ಸೀರೆಯ ತುಂಡಿರುವ ಮೂಲೆಯೇ ಆಗಬೇಕು. ಕಣ್ಣು ಅರೆಮುಚ್ಚಿರುತ್ತವೆ, ಗುರುಗುರು ಸದ್ದು ಪಕ್ಕದ ಕೋಣೆಗೆ ಕೇಳುತ್ತದೆ, ಬಟ್ಟೆಯೆಲ್ಲ ಜೊಲ್ಲಿನಿಂದ ಒದ್ದೆ. “ರೊಟ್ಟಿ ಹಿಟ್ಟು ನಾದಲು ಕುಳಿತಳು ನೋಡು” ಎಂದು ಅತ್ತೆಯವರು ಮಗ್ಗುಲು ಬದಲಿಸದೆ ಮಲಗಿರುತ್ತಾರೆ. ಹೊಟ್ಟೆ ತುಂಬದೆ ಹೀಗೆ ಮಾಡುತ್ತಾಳೆಯೇ? ಬಿಡಿಸಬೇಕೇ?

ಉತ್ತರ (ಪಶುವೈದ್ಯರು): ಗಾಬರಿ ಬೇಡ ತಂಗೀ, ಇದು ಹಸಿವಲ್ಲ. ಮರಿಗಳು ಹಾಲು ಕುಡಿಯುವಾಗ ತಾಯಿಯ ಹೊಟ್ಟೆಯನ್ನು ಹೀಗೆಯೇ ಒತ್ತುತ್ತವೆ. ಒತ್ತಿದರೆ ಹಾಲು ಇಳಿಯುತ್ತದೆ. ದೊಡ್ಡವಾದ ಮೇಲೂ ಬೆಚ್ಚಗೆ, ನಿಶ್ಚಿಂತೆಯಿಂದ ಇರುವಾಗ ಆ ಅಭ್ಯಾಸ ಮರಳುತ್ತದೆ. ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ, ಹಾಗಾಗಿ ಒತ್ತಿದ ಜಾಗಕ್ಕೆ ತನ್ನ ವಾಸನೆಯನ್ನೂ ಹಚ್ಚುತ್ತಾಳೆ. ಬೇಗನೆ ತಾಯಿಯನ್ನು ಕಳೆದುಕೊಂಡ ಮರಿಗಳಲ್ಲಿ ಬಟ್ಟೆ ಚೀಪುವುದನ್ನು ನಾನು ಬಹಳ ನೋಡಿದ್ದೇನೆ. ನಿಮ್ಮ ಅತ್ತೆಯವರ ಕೌದಿಯಲ್ಲಿ ಅವಳಿಗೆ ತಾಯಿ ಸಿಕ್ಕಿದ್ದಾಳೆ. ಗದರಿಸಬೇಡಿ, ಎಳೆದು ಇಳಿಸಬೇಡಿ. ಉಗುರು ಚುಚ್ಚುತ್ತಿದ್ದರೆ ತುದಿಯನ್ನಷ್ಟೇ ಕತ್ತರಿಸಿ. ಒಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳವಿದೆ, ಅದಕ್ಕೆ ತಾಗಬಾರದು.

ಆದರೆ ಒಂದು ಮಾತು ಕೇಳಬೇಕು. ಆ ಮೂಲೆಯ ಹೊಲಿಗೆ ಬಿಚ್ಚಿದೆಯೇ?

ಪ್ರಶ್ನೆ: ಈಗಲೇ ನೋಡಿದೆ, ಡಾಕ್ಟರ್. ಗೇಣುದ್ದದ ದಾರ ಜೋತು ಬಿದ್ದಿದೆ.

ಉತ್ತರ: ಇಂದೇ ಕತ್ತರಿಸಿ ಹೊಲಿಯಿರಿ. ನನ್ನ ಭಯವೆಲ್ಲ ಆ ದಾರದ್ದೇ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಅವಳಿಗೆ ಕಷ್ಟ, ನುಂಗುತ್ತಲೇ ಹೋಗುತ್ತಾಳೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಲಂಗ ನೆರಿಗೆಗಟ್ಟುವಂತೆ ಕರುಳು ಮುದುಡಿಕೊಳ್ಳುತ್ತದೆ. ಬಿಗಿಯಾದ ದಾರ ಕರುಳನ್ನು ಕೊಯ್ಯಲೂಬಹುದು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಮಂಚದ ಕೆಳಗೆ ಅವಿತುಕೊಳ್ಳುವುದು ಕಂಡರೆ ಕಾಯದೆ ಆಸ್ಪತ್ರೆಗೆ ತನ್ನಿ. ಬಾಯಲ್ಲಾಗಲಿ ಗುದದಲ್ಲಾಗಲಿ ದಾರ ಕಂಡರೆ ದಯವಿಟ್ಟು ಎಳೆಯಬೇಡಿ. ಸೂಜಿ-ದಾರದ ಡಬ್ಬಿಗೆ ಮುಚ್ಚಳವಿರಲಿ, ಮಾಲೆಯ ನೂಲೂ ಕೈಗೆಟುಕುವಂತೆ ಬಿದ್ದಿರಬಾರದು.

ಇನ್ನೊಬ್ಬರ ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮ್ಮ ಗಂಡು ಬೆಕ್ಕು ಪೇಡೆಯ ಡಬ್ಬಿ ತೆರೆದ ಸದ್ದಿಗೇ ಹಾಜರ್. ಸಿಹಿ ಎಂದರೆ ಅಷ್ಟು ಇಷ್ಟವೇ?

ಉತ್ತರ: ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ ಅಣ್ಣಾ. ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನ ಕುಲದಲ್ಲೇ ಕೆಲಸ ಮಾಡದು ಎಂದು ವಿಜ್ಞಾನಿಗಳು 2005ರಲ್ಲಿ ಕಂಡುಕೊಂಡರು. ನಿಮ್ಮವನನ್ನು ಕರೆಯುವುದು ಕಾಯಿಸಿದ ಹಾಲಿನ ಘಮ, ಅದರ ಜಿಡ್ಡು. ಸಕ್ಕರೆಯಿಂದ ಅವನಿಗೆ ಲಾಭವಿಲ್ಲ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲೂ ಜೀರ್ಣವಾಗುವುದಿಲ್ಲ. ಡಬ್ಬಿ ಮುಚ್ಚಿ, ಉಪ್ಪು-ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಈರುಳ್ಳಿ ಹಾಕಿದ ಚುರುಮುರಿ ಗಿರ್ಮಿಟ್ ತಿನ್ನುವಾಗಲೂ ಪಾಲು ಕೊಡಬೇಡಿ.

ಮೊದಲಿನವರು: ಡಾಕ್ಟರ್, ಅತ್ತೆಯವರು ಕನ್ನಡಕ ಹಾಕಿಕೊಂಡು ಮೂಲೆಯನ್ನು ದಟ್ಟವಾಗಿ ಹೊಲಿದು ಮುಗಿಸಿದರು. ಮುಗಿಯುವವರೆಗೂ ಚಿನ್ನವ್ವ ಬಾಗಿಲ ಹೊರಗೆ ಕೂಗುತ್ತಲೇ ಇದ್ದಳು. ಈಗ ಒಳಗೆ ಬಂದಿದ್ದಾಳೆ, ಅದೇ ಮೂಲೆ ಹುಡುಕಿಕೊಂಡಿದ್ದಾಳೆ.