ಪದ ಬೇಕು: ಕಾರಿನ ಸಬ್‌ವೂಫರ್, ಸೀಲ್ಡ್ ಮತ್ತು ಪೋರ್ಟೆಡ್ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ.

ಕಾರಿಗೆ ಸಬ್‌ವೂಫರ್, ಅಂದರೆ ತೀರಾ ತಗ್ಗಿನ ಸ್ವರಗಳ ಸ್ಪೀಕರ್, ಆರಿಸುವ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ನನಗಿಂತ ಮೊದಲು ಕೈ ಹಾಕಿದವರು ಸೀಲ್ಡ್ ಪೆಟ್ಟಿಗೆಗೆ ‘ಮೊಹರು ಮಾಡಿದ ಆವರಣ’ ಎಂದು ಬರೆದಿಟ್ಟಿದ್ದಾರೆ. ಕೋರ್ಟಿನವರು ಬಂದು ಶಾಲೆಗೆ ಬೀಗ ಜಡಿದ ಹಾಗಿದೆ. ‘ಟೈಟ್ ಬೇಸ್’ ಅನ್ನೋದು (ಬೇಸ್ ಅಂದರೆ ತಗ್ಗಿನ ಸ್ವರ) ‘ಬಿಗಿಯಾದ ಬಾಸ್’ ಆಗಿದೆ. ಆಫೀಸಿನವರೇ ಕಣ್ಣ ಮುಂದೆ ಬರುತ್ತಾರೆ. ಸಬ್‌ವೂಫರ್, ಅದರ ಪೆಟ್ಟಿಗೆಯ ಬಗೆಗಳಾದ ಸೀಲ್ಡ್ (ಪೂರ್ತಿ ಮುಚ್ಚಿದ್ದು), ಪೋರ್ಟೆಡ್ (ಗಾಳಿಗೆ ದಾರಿ ಬಿಟ್ಟದ್ದು), ಬ್ಯಾಂಡ್‌ಪಾಸ್ (ಒಂದು ಪಟ್ಟಿಯ ಸ್ವರಗಳನ್ನಷ್ಟೇ ಹೊರಬಿಡುವುದು), ಇವಕ್ಕೆ ಏನು ಹಾಕಲಿ?

ಮರು:
> ಸಬ್‌ವೂಫರ್

ತಗ್ಗುದನಿಕ. ಸೀಲ್ಡ್‌ಗೆ ಮುಚ್ಚುಗೂಡು, ಪೋರ್ಟೆಡ್‌ಗೆ ತೂತುಗೂಡು. ನಮ್ಮದೇ ಬೇರುಗಳಿರುವಾಗ ಸಂಸ್ಕೃತ, ಇಂಗ್ಲಿಷುಗಳ ಹಂಗೇಕೆ?

ಮರು:
‘ದನಿ ತಗ್ಗಿಸು’ ಅಂದರೆ ಮೆಲ್ಲಗೆ ಮಾತಾಡು ಅಂತ. ಕಾರಿನ ಗಾಜು ನಡುಗಿಸುವ ವಸ್ತುವಿಗೆ ತಗ್ಗುದನಿಕ! ಸ್ಥಾಯಿಯ ಮಾತಿಗೆ ‘ಮಂದ್ರ’ ಇದ್ದೇ ಇದೆ. ಮಂದ್ರಪೆಟ್ಟಿಗೆ ಎನ್ನಿ, ಮುಗೀತು.

ಮರು:
ಮಂದ್ರಪೆಟ್ಟಿಗೆ ಅರಿಸಮಾಸ.

ಮರು:
ಅರಿಸಮಾಸಕ್ಕೆ ಹೆದರಿದ್ದರೆ ರೈಲುಗಾಡಿ ಓಡುತ್ತಲೇ ಇರಲಿಲ್ಲ. ಅದಿರಲಿ, ವೂಫ್ ಅನ್ನೋದು ನಾಯಿ ಬೊಗಳುವ ಸದ್ದು, ಟ್ವೀಟ್ ಹಕ್ಕಿಯ ಚಿಲಿಪಿಲಿ. ಇಂಗ್ಲಿಷಿನವರು ಈ ಅನುಕರಣ ಪದಗಳಿಂದಲೇ ವೂಫರ್, ಟ್ವೀಟರ್ (ಏರುಸ್ವರದ ಸ್ಪೀಕರ್) ಅಂತ ಹೆಸರು ಕಟ್ಟಿದರು. ನಮ್ಮ ‘ಗುಂ’ ಏನು ಕಡಿಮೆ? ಗುಂ ಅನ್ನುವುದು ಗುಮ್ಮ. ಗುಮ್ಮಟವೂ ಅದರಿಂದಲೇ ಬಂದಿರಬೇಕು, ಒಳಗೆ ಸದ್ದು ಗುಂಯ್‌ಗುಡುತ್ತದಲ್ಲ.

ಮರು:
ಗುಮ್ಮಟ ಪಾರಸಿಯ ಗುಂಬದ್. ಸುಮ್ನೆ ಕಟ್ಟುಕತೆ ಬೇಡ. ಕಾರಿನಲ್ಲಿ ಗುಮ್ಮ ಕೂರಿಸುವುದೂ ಬೇಡ.

ಮರು:
ಕೇಳಿದವರಿಗೆ ನಾಳೆ ಬೆಳಿಗ್ಗೆ ಬೇಕಂತೆ, ಅಲ್ವಾ? ನಾನು ಈ ಪೆಟ್ಟಿಗೆಗಳನ್ನು ಕೈಯಾರೆ ಮಾಡಿದವನು. ಅದು ಏನು ಮಾಡುತ್ತದೆ ಅಂತ ಮೊದಲು ನೋಡೋಣ.

ಸೀಲ್ಡ್ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಗೆ ಹೊರದಾರಿ ಇಲ್ಲ. ಕೋನಿನ (ಸ್ಪೀಕರಿನಲ್ಲಿ ಹಿಂದೆಮುಂದೆ ಅದುರುವ ಭಾಗ) ಬೆನ್ನಿಗೆ ಅದೇ ಸ್ಪ್ರಿಂಗು. ಡ್ರಮ್ಮಿನ ಪೆಟ್ಟು ಬಿತ್ತು, ನಿಂತಿತು. ಎಳೆಯುವುದಿಲ್ಲ. ಟೈಟ್ ಅಂದರೆ ಇಷ್ಟೇ, ಹಾಗಾಗಿ ‘ಎಳೆಯದ ಬೇಸ್’ ಎಂದರೆ ಅರ್ಥವಾಗುತ್ತದೆ. ‘ಮುಚ್ಚಿದ ಪೆಟ್ಟಿಗೆ’ ಸಾಲದು. ನಾನು ಮೊದಲು ಮಾಡಿದ್ದೂ ಮುಚ್ಚಿದ್ದೇ. ಹಾಡು ಹಾಕಿದರೆ ಒಂದು ಮೂಲೆಯಿಂದ ಸುಂಯ್ ಅನ್ನೋದು. ಒದ್ದೆ ಬೆರಳು ಇಟ್ಟು ನೋಡಿದೆ. ಪ್ರತಿ ಪೆಟ್ಟಿಗೂ ತಣ್ಣಗೆ ಗಾಳಿ ತಾಕುತ್ತಿತ್ತು. ಅಂಟು ಹಾಕಿದ ಮೇಲೆ ಸರಿಹೋಯಿತು. ಅಡುಗೆ ಬರೆಯುವವರು ‘ಗಾಳಿಯಾಡದ ಡಬ್ಬಿ’ ಅನ್ನುತ್ತಾರಲ್ಲ, ಇಲ್ಲಿ ಬೇಕಾಗಿರುವುದು ಅದೇ: ಗಾಳಿಯಾಡದ ಪೆಟ್ಟಿಗೆ.

ಪೋರ್ಟೆಡ್‌ಗೆ ‘ತೂತು’ ಬೇಡ, ಕೆಟ್ಟುಹೋದದ್ದು ಅನ್ನಿಸುತ್ತದೆ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದೆ. ಪೋರ್ಟ್ ಮಾಡುವುದೂ ಅದನ್ನೇ. ಅದರ ಅಗಲ, ಉದ್ದ ಮತ್ತು ಪೆಟ್ಟಿಗೆಯ ಗಾತ್ರ ಸೇರಿ ಆ ಸ್ವರವನ್ನು ಗೊತ್ತುಮಾಡುತ್ತವೆ. ‘ಕೊಳವೆ’ ಎನ್ನಬಹುದಿತ್ತು. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಹಲಗೆ ಕೂರಿಸಿ ಮಾಡಿದ ಉದ್ದ ಸಂದು ಇರುತ್ತದೆ. ಎರಡಕ್ಕೂ ಹೊಂದುವುದು ‘ಕಿಂಡಿ ಪೆಟ್ಟಿಗೆ’. ಬ್ಯಾಂಡ್‌ಪಾಸ್ ಹಾಗೇ ಬಿಡಿ. ಸಬ್‌ವೂಫರ್ ಕೂಡ. ಜನ ಹಾಗೇ ಅನ್ನುತ್ತಾರೆ.

ಮರು:
ಮೇಲಿನವರಿಗೆ ಥ್ಯಾಂಕ್ಸ್. ಇನ್ನೊಂದು ಸಿಕ್ಕು. ‘ರೋಲ್-ಆಫ್’ ಎಂಬುದನ್ನು ‘ಉರುಳುವಿಕೆ’ ಮಾಡಿದ್ದಾರೆ.

ಮರು:
ಇಳಿತ. ತಗ್ಗಿನ ಸ್ವರಗಳ ಕಡೆ ಹೋದಂತೆ ಸದ್ದು ಇಳಿಯುವುದು. ಗಾಳಿಯಾಡದ ಪೆಟ್ಟಿಗೆಯಲ್ಲಿ ಆಕ್ಟೇವಿಗೆ (ಅಂದರೆ ಸ್ವರದ ಕಂಪನ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬಲ್, ಕಿಂಡಿಯದರಲ್ಲಿ 24. ಕಿಂಡಿಯ ಸ್ವರ 35 ಹರ್ಟ್ಜ್ ಅಂತಿಟ್ಟುಕೊಳ್ಳಿ. ಅಲ್ಲಿ ಸದ್ದು ಜೋರು. ಅದರ ಕೆಳಗೆ ಕೋನಿಗೆ ಹಿಡಿತವೇ ಇರಲ್ಲ, ಸುಮ್ನೆ ಕುಣಿಯುತ್ತದೆ. ಕಾರಿನ ಒಳಗಿನ ಇಕ್ಕಟ್ಟು ಜಾಗ ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ, ಹಾಗಾಗಿ ನಿಧಾನದ ಇಳಿತ ಅಲ್ಲಿ ಚೆನ್ನಾಗಿ ಸರಿದೂಗುತ್ತದೆ. ಕೈಪಿಡಿ ‘ಇಂಪಿಗೆ ಸೀಲ್ಡ್, ಅಬ್ಬರಕ್ಕೆ ಪೋರ್ಟೆಡ್’ ಎಂದಿದ್ದರೆ ಕಾರಣ ಇದು. ಚೆನ್ನಾಗಿ ಲೆಕ್ಕ ಹಾಕಿ ಮಾಡಿದ ಕಿಂಡಿ ಪೆಟ್ಟಿಗೆಯೂ ಇಂಪಾಗಿಯೇ ನುಡಿಯುತ್ತದೆ, ಆದರೆ ಜಾಗ ಜಾಸ್ತಿ ತಿನ್ನುತ್ತದೆ.

ಮರು:
ಆಕ್ಟೇವ್, ಡೆಸಿಬಲ್, ಬೇಸ್, ಕೋನ್. ಹೀಗೇ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:
ಅಷ್ಟು ಉಳಿದರೆ ಸಾಕು, ಅದೇ ಕನ್ನಡ. ‘ಕಾರಿಗೆ’ ಅನ್ನುವಾಗ ನಿಮಗೆ ಇಂಗ್ಲಿಷ್ ಕೇಳಿಸುತ್ತಾ?

ಮರು:
ಕೇಳಿಸುತ್ತದೆ.

ಮರು:
ಕಡತ ಕಳಿಸಿದೆ. ಸಬ್‌ವೂಫರ್, ಗಾಳಿಯಾಡದ ಪೆಟ್ಟಿಗೆ, ಕಿಂಡಿ ಪೆಟ್ಟಿಗೆ, ಇಳಿತ, ಎಳೆಯದ ಬೇಸ್. ಎಲ್ಲರಿಗೂ ಥ್ಯಾಂಕ್ಸ್.

ಮರು:
ನನ್ನ ಅರಿಸಮಾಸದ ಆಕ್ಷೇಪಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.